ಕ್ಲಚ್ಚಿನ ಮೇಲಿನ ಮರದ ತುಂಡು

"ಇದೇನ್ರೀ, ಕ್ಲಚ್ಚಿಗೆ ಮರದ ತುಂಡು ಕಟ್ಟಿದೀರಾ?" ಕೊಳ್ಳಲು ಬಂದಿದ್ದ ಹಳೆಯ ಪುಟ್ಟ ಟ್ರ್ಯಾಕ್ಟರಿನೊಳಗೆ ಇಣುಕಿದ ಬಡಗಿ ಮೂಗು ಮುರಿದ. ಅಷ್ಟು ಹೊತ್ತೂ ಅವನು ಎತ್ತಿನ ಹಲ್ಲು ನೋಡುವವನ ಗತ್ತಿನಲ್ಲಿ ಟಯರು ಒದ್ದು, ಆಯಿಲ್ ಮೂಸಿ, ಹೊಗೆಯ ಬಣ್ಣ ನೋಡಿ ತಲೆಯಾಡಿಸುತ್ತಿದ್ದ. ಎಲ್ಲ ಸರಿಯಿತ್ತು. ಓರೆಕೋರೆಯಾಗಿ ಕೊಯ್ದು, ಹಳೇ ಟ್ಯೂಬಿನ ರಬ್ಬರಿನಲ್ಲಿ ಬಿಗಿದಿದ್ದ ಈ ತುಂಡು ಮಾತ್ರ ಅವನ ಕಣ್ಣಿಗೆ ಹಿಡಿಸಲಿಲ್ಲ.

"ನಮ್ಮಮ್ಮ ಓಡಿಸ್ತಿದ್ರು, ಕಾಲು ಎಟುಕ್ತಿರಲಿಲ್ಲ. ಈಗ್ಲೇ ಬಿಚ್ಚಿಕೊಡ್ತೀನಿ," ಎಂದು ಮಾರುವವನು ಚಾಕು ತೆಗೆದ.

"ಬಿಚ್ಚಬೇಡಿ."

ಇಬ್ಬರೂ ತಲೆಯೆತ್ತಿದರು. ಬಂದಾಗಿನಿಂದ ಬೇಲಿಯ ಪಕ್ಕ ಸುಮ್ಮನೆ ನಿಂತಿದ್ದ ಬಡಗಿಯ ಹೆಂಡತಿ ಯಾವಾಗಲೋ ಸೀಟು ಹತ್ತಿ ಕುಳಿತಿದ್ದಳು. ಅವಳು ಎಡಗಾಲನ್ನು ಆ ತುಂಡಿನ ಮೇಲಿಟ್ಟಳು.

"ಇಳಿಯೇ, ಓಡಿಸೋನು ನಾನು," ಬಡಗಿ ನಕ್ಕ.

"ನೀವು ಬೆಳಿಗ್ಗೆ ಉಳಿ ಹಿಡಿದು ಹೊರಟ್ರೆ ಬರೋದು ಕತ್ತಲಾದ್ಮೇಲೆ. ಹೊಲ ಉಳೋದೆಲ್ಲ ಬಾಯಲ್ಲೇ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕ್ಲಚ್ಚನ್ನು ಬಲವಾಗಿ ಒತ್ತಿದಳು. ಓರೆ ಮರದ ಮೇಲೆ ಪಾದ ಜಾರಿ, ಚಪ್ಪಲಿ ಕೆಳಗೆ ಬಿತ್ತು.

ಮಾರುವವನು ಬಡಗಿಯ ಮುಖ ನೋಡಿದ. ಬಡಗಿ ಬಗ್ಗಿ ಚಪ್ಪಲಿ ಎತ್ತಿಕೊಂಡ.

"ಬಿಚ್ಚಿಬಿಡಿ," ಎಂದ.

ಹೆಂಡತಿಯ ಮುಖ ಸಣ್ಣದಾಯಿತು. ಅವನು ಆ ಚಪ್ಪಲಿಗೆ ಗೇಣು ಹಾಕಿ ಅಳೆಯುತ್ತ, ಕಿವಿಯ ಮೇಲಿನ ಪೆನ್ಸಿಲ್‌ಗೆ ಕೈ ಹಾಕಿದ.

"ಇದು ಜಾರುತ್ತೆ ಕಣೆ. ನಿನ್ನ ಕಾಲಿನ ಅಳತೆಗೆ ನಾನೇ ಒಂದು ಮಾಡ್ಕೊಡ್ತೀನಿ."