ಪೆಟ್ಟಿಗೆಯ ಹಿಂಬದಿ

ಎಲ್ಲರೂ ಶವವಿಡುವ ಫ್ರೀಜರ್ ಪೆಟ್ಟಿಗೆಯ ಗಾಜಿನೊಳಗೆ ಅಪ್ಪನ ಮುಖ ನೋಡುತ್ತಿದ್ದರೆ, ಮಗಳು ಮಾತ್ರ ಪೆಟ್ಟಿಗೆಯ ಹಿಂದೆ ಕುಕ್ಕರಗಾಲಲ್ಲಿ ಕೂತು ಅದರ ಜಾಲರಿಗೆ ಅಂಗೈ ಒಡ್ಡಿದ್ದಳು.

“ಅಲ್ಲೇನೇ ಮಾಡ್ತಿದ್ದೀಯಾ? ಮುಂದೆ ಬಂದು ಅಪ್ಪನ ಮುಖ ನೋಡು,” ಅತ್ತೆ ಗದರಿದಳು.

ಅಪ್ಪ ಫ್ರಿಜ್ ರಿಪೇರಿಯವನು. ಶಾಖದ ಪಾಠ ತಲೆಗೆ ಹತ್ತದೆ ಅವಳು ಅಳುತ್ತಿದ್ದಾಗ ಪುಸ್ತಕ ಮುಚ್ಚಿಸಿ, ಅವಳ ಕೈಯನ್ನು ಅಂಗಡಿಯ ಫ್ರಿಜ್ಜಿನ ಬೆನ್ನಿಗೆ ಒತ್ತಿ ಹಿಡಿದಿದ್ದ. “ಇದು ತಂಪು ತುಂಬಲ್ಲ ಪುಟ್ಟಿ. ಒಳಗಿನ ಬಿಸಿ ಎಳೆದು ಹೊರಗೆ ಹಾಕುತ್ತೆ, ಅಷ್ಟೇ. ಬಿಸಿ ಎಲ್ಲೂ ಕಳೆದುಹೋಗಲ್ಲ.”

“ಅತ್ತೆ, ಅಪ್ಪನ ಬಿಸಿ ಇಲ್ಲಿ ಬರ್ತಿದೆ,” ಅಂದಳು.

ಅತ್ತೆ ಪೆಟ್ಟಿಗೆಯ ಹಿಂದೆ ಬಂದಳು. ಅವಳ ಪಕ್ಕದಲ್ಲಿ ಮೊಣಕಾಲೂರಿ ಕೂತು, ತಾನೂ ಕೈ ಚಾಚಿದಳು.

“ಸ್ವಲ್ಪ ಜರುಗೇ. ನಂಗೂ ಅಣ್ಣ ಅವನು.”