ಹಿತ್ತಲ ಮಲ್ಲಿಗೆ

ಯುಗಾದಿಯೊಳಗೆ ಹಿತ್ತಲು ಸಜ್ಜಾಗಬೇಕು, ಗಂಡ ಆಸ್ಪತ್ರೆಯಿಂದ ಬಂದ ಮೇಲೆ ಮಲ್ಲಿಗೆ ಘಮ್ಮೆನ್ನಬೇಕು ಅಂತ ಸೊಸೆಯ ಆಸೆ. ಬೆಳಿಗ್ಗೆ ಮಗನನ್ನು ನೋಡಿಬಂದ ಅತ್ತೆ, ಸೀರೆಯನ್ನೂ ಬದಲಿಸದೆ ಗುದ್ದಲಿ ಹಿಡಿದಿದ್ದಳು.

“ಡಾಕ್ಟರು ಏನಂದ್ರು ಅತ್ತೆ? ಹಬ್ಬಕ್ಕೆ ಕಳಿಸ್ತಾರಂತಾ?”

“ಈ ವಾರವೇ ಕರ್ಕೊಂಡು ಹೋಗಿ ಅಂದ್ರು. ಆ ಗೊಬ್ಬರದ ಬುಟ್ಟಿ ಇತ್ತ ತಳ್ಳು.”

“ಇಷ್ಟು ಒಳ್ಳೇ ಸುದ್ದಿ ಹೊಟ್ಟೇಲಿಟ್ಕೊಂಡು ಮಣ್ಣು ಅಗೀತಿದ್ದೀರಲ್ಲ!” ಸೊಸೆ ನಕ್ಕಳು.

ಬದನೆಗೆ ಪಾತಿಯಾಯಿತು, ಮೆಣಸಿನ ಸಸಿ ನೆಟ್ಟದ್ದೂ ಆಯಿತು. ಉಳಿದದ್ದು ಮೂಲೆಯ ಮಲ್ಲಿಗೆ ಗಿಡ. ಮಾವ ತೀರಿಕೊಂಡ ಮೇಲೆ ಅತ್ತೆ ಅದರ ಒಂದು ಮೊಗ್ಗನ್ನೂ ಮುಡಿದವಳಲ್ಲ. ಆದರೂ ನೀರು ತಪ್ಪಿಸಲಿಲ್ಲ. ಹೂ ಬಿಡುವ ಕಾಲಕ್ಕೆ ದಿನಾ ಮೊಳದಷ್ಟು ಕಟ್ಟಿ ಸೊಸೆಯ ಜಡೆಗೆ ತಾನೇ ಮುಡಿಸುವಳು.

“ಗೇಣುದ್ದ ಬಿಟ್ಟು ಕತ್ತರಿಸಿ ಅತ್ತೆ, ಆಗಲೇ ಚಿಗುರೋದು. ನೀವೇ ಹೇಳಿಕೊಟ್ಟಿದ್ದು.”

ಅತ್ತೆ ಗುದ್ದಲಿಯನ್ನು ಗಿಡದ ಬುಡಕ್ಕೇ ಹಾಕಿದಳು.

“ಅಯ್ಯೋ, ಬೇರಿಗೆ ಬಿತ್ತು! ಕಣ್ಣು ಕಾಣಲ್ವಾ ನಿಮಗೆ? ಇತ್ತ ಕೊಡಿ, ನಾನು ಮಾಡ್ತೀನಿ. ನಿಮ್ಮ ಮಗ ಬಂದು ಗಿಡ ಎಲ್ಲಿ ಅಂದ್ರೆ ಏನು ಹೇಳಲಿ?”

ಅತ್ತೆ ನಿಲ್ಲಿಸಲಿಲ್ಲ. ಗಿಡ ಬೇರುಸಮೇತ ಉರುಳಿದ ಮೇಲೆ ಗುದ್ದಲಿ ಬಿಟ್ಟು, ಮಣ್ಣಿನ ಕೈಯಲ್ಲೇ ಸೊಸೆಯ ಜಡೆ ಸವರಿದಳು.

“ಮುಡಿಯೋ ಹಾಗಿಲ್ಲದ ಹೂವನ್ನ ದಿನಾ ಕಣ್ಣೆದುರಿಗೆ ನೋಡ್ಕೊಂಡು ಬದುಕೋದು ನನ್ನೊಬ್ಬಳಿಗೇ ಸಾಕು ಕಣವ್ವಾ.”