ಗೂಢಚಾರನಿಗಾಗಿ ಕರಕಾದ ರೊಟ್ಟಿ

ರೊಟ್ಟಿ ಕರಕಾದ ವಾಸನೆ ಬಂದರೆ ಈಗಲೂ ಮುನಿರಾಬಾದಿನ ನಮ್ಮ ಅಡುಗೆಮನೆ ನೆನಪಾಗುತ್ತದೆ.

ಅವತ್ತು ಗೂಢಚಾರನ ಕಾದಂಬರಿಯ ಹೊಸ ಭಾಗ ಕೈಗೆ ಸಿಕ್ಕಿತ್ತು. ‘ಇಂಥಾ ಪುಸ್ತಕ ಇನ್ನೊಮ್ಮೆ ಕಂಡ್ರ ಒಲಿಗೆ ಹಾಕ್ತೀನಿ’ ಎಂದು ಅಪ್ಪ ಹೆದರಿಸಿದ್ದರೂ, ಓದು ಬಾರದ ಅವ್ವನಿಗಾಗಿ ನಾನು ಜೋರಾಗಿ ಓದುತ್ತಿದ್ದೆ. ಅವ್ವ ಪಟಪಟ ರೊಟ್ಟಿ ಬಡಿಯುತ್ತಿದ್ದಳು. ಗೂಢಚಾರ ವಿಷದ ಚಹಾ ಕುಡಿದದ್ದೇ ತಡ, ಅವಳ ಹಿಟ್ಟಿನ ಕೈ ನಿಂತುಬಿಟ್ಟಿತು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು.

ನೋಡಿದರೆ ಬಾಗಿಲಲ್ಲಿ ಅಪ್ಪ. ಪುಸ್ತಕ ಬಚ್ಚಿಡಲು ಆಗಲಿಲ್ಲ.

‘ರೊಟ್ಟಿ ಸುಟ್ಟೈತ್ರಿ,’ ಅವ್ವ ಕಣ್ಣೊರೆಸಿಕೊಂಡಳು. ‘ಪಾಪ, ಅವ ಸತ್ತಾನ.’

ಅಪ್ಪ ಕುಳಿತು ರೊಟ್ಟಿಯ ಕರಕು ಕೆರೆದ. ‘ಸಾಯಂಗಿಲ್ಲ ತಗೊ. ಹಿಂದಿನ ಭಾಗದಾಗೂ ಹಿಂಗ ವಿಷಾ ಕುಡಿದು ಎದ್ದು ಕುಂತಿದ್ದ.’

ಅವ್ವ ನನ್ನ ಮುಖ ನೋಡಿದಳು.

‘ಮುಂದ ಓದು,’ ಎಂದ ಅಪ್ಪ, ತಲೆಯೆತ್ತದೆ.